ಪಾಲಿಕಾರ್ಬೊನೇಟ್ ವಿಂಡ್‌ಸ್ಕ್ರೀನ್ ಕೈಕೊಟ್ಟಾಗ: ಬಿರುಕು, ಉಬ್ಬು, ಗುಳ್ಳೆ, ಮಬ್ಬು

"ಶೀಟೇ ಸರಿಯಿಲ್ಲ." ಮನೆಯಲ್ಲಿ ಕಟ್ಟಿದ ಸ್ಪೋರ್ಟ್ಸ್ ಕಾರಿನ ವಿಂಡ್‌ಸ್ಕ್ರೀನ್ ಬಿರುಕು ಬಿಟ್ಟಾಗ ಮೊದಲು ಬಾಯಿಗೆ ಬರುವ ಮಾತು ಇದು. ಸುತ್ತಿಗೆಯಲ್ಲಿ ಹೊಡೆದರೂ ಒಡೆಯಲ್ಲ ಅಂತ ತಂದ ವಸ್ತು. ಅದು ಒಂದು ಏಟೂ ಬೀಳದೆ ಸೀಳಿದರೆ ಸಿಟ್ಟು ಬರುವುದು ಸಹಜ. ಆದರೂ ಶೀಟನ್ನು ದೂರುವ ಕೆಲಸ ಕೊನೆಗಿರಲಿ. ಪಾಲಿಕಾರ್ಬೊನೇಟ್ ಅನ್ನುವ ಈ ಪಾರದರ್ಶಕ ಪ್ಲಾಸ್ಟಿಕ್ ಏಟನ್ನು ಚೆನ್ನಾಗಿ ತಡೆಯುತ್ತದೆ. ತಡೆಯದೇ ಇರುವುದು ದಿನವಿಡೀ ಬಿಡದೆ ಹಿಡಿದಿಟ್ಟ ಒತ್ತಡವನ್ನು. ಹಾಗೆ ಎಳೆತದಲ್ಲಿರುವ ಜಾಗಕ್ಕೆ ತಪ್ಪು ದ್ರವ ಒಂದು ಹನಿ ತಾಗಿದರೂ ಅದು ಬಿರಿಯುತ್ತದೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ದೋಷಗಳ ಬೇರು ಶೀಟಿನಲ್ಲಿ ಇರುವುದಿಲ್ಲ, ಅದನ್ನು ಬಗ್ಗಿಸಿದ ಮತ್ತು ಬಿಗಿದ ರೀತಿಯಲ್ಲಿ ಇರುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ರಸ್ತೆಗೆ ಇಳಿಯುವ ಕಾರಿನ ಮುಂದಿನ ಗಾಜಿಗೆ ಅನೇಕ ದೇಶಗಳಲ್ಲಿ ಅನುಮೋದನೆಯ ಗುರುತು ಬೇಕು. ವಿಶ್ವಸಂಸ್ಥೆಯ ನಿಯಮ 43, ಅಮೆರಿಕದ ವಾಹನ ಸುರಕ್ಷತಾ ಮಾನದಂಡ ಎಫ್‌ಎಂವಿಎಸ್‌ಎಸ್ 205 ಇವೆಲ್ಲ ಇದಕ್ಕೇ ಇರುವಂಥವು. ಅಂಗಡಿಯಲ್ಲಿ ಸಿಗುವ ಸಾದಾ ಶೀಟಿನ ಮೇಲೆ ಆ ಗುರುತು ಇರುವುದಿಲ್ಲ. ನಿಮ್ಮ ಕಾರು ಟ್ರ್ಯಾಕಿಗೆ ಮಾತ್ರವೋ ರಸ್ತೆಗೂ ಬೇಕೋ ಅನ್ನುವುದನ್ನು ಎರಡನೇ ಶೀಟು ಕತ್ತರಿಸುವ ಮೊದಲು ತೀರ್ಮಾನಿಸಿ.

ಕೈಯಲ್ಲಿರುವುದು ನಿಜವಾಗಿ ಪಾಲಿಕಾರ್ಬೊನೇಟೇನಾ?

ಕೇಳಲು ತಮಾಷೆ ಅನಿಸಬಹುದು. ಆದರೆ ಅಕ್ರಿಲಿಕ್ ಅನ್ನುವ ಇನ್ನೊಂದು ಪಾರದರ್ಶಕ ಪ್ಲಾಸ್ಟಿಕ್ ಮತ್ತು ಪಾಲಿಕಾರ್ಬೊನೇಟ್ ಎರಡೂ ನೋಡಲು ಒಂದೇ ಥರ. ಲೆಕ್ಸಾನ್, ಮ್ಯಾಕ್ರೊಲಾನ್ ಅನ್ನುವ ಬ್ರ್ಯಾಂಡ್ ಹೆಸರು ಮುದ್ರಿಸಿದ ರಕ್ಷಣಾ ಹಾಳೆ ಇದ್ದರೆ ಅದು ಪಾಲಿಕಾರ್ಬೊನೇಟ್. ಹಾಳೆ ಕಿತ್ತು ಎಸೆದಿದ್ದರೆ ಉಳಿಕೆ ತುಂಡಿನಲ್ಲಿ ಒಂದು ಕಡ್ಡಿ ಕತ್ತರಿಸಿ. ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ವೈಸಿನಲ್ಲಿ ಹಿಡಿದು ಚೂಪಾಗಿ ಬಗ್ಗಿಸಿ. ಪಾಲಿಕಾರ್ಬೊನೇಟ್ ಮಡಚಿಕೊಳ್ಳುತ್ತದೆ. ಅಕ್ರಿಲಿಕ್ ಪಟ್ಟಂತ ಮುರಿಯುತ್ತದೆ. ಡ್ರಿಲ್ ಮಾಡಿದಾಗಲೂ ವ್ಯತ್ಯಾಸ ಕಾಣುತ್ತದೆ. ಪಾಲಿಕಾರ್ಬೊನೇಟಿನ ಚಕ್ಕೆ ಉದ್ದುದ್ದ ಎಳೆಯಾಗಿ ಬರುತ್ತದೆ, ಅಕ್ರಿಲಿಕ್ಕಿನದು ಪುಡಿಪುಡಿ. ತೂತಿನ ಅಂಚಿನಲ್ಲಿ ಚಿಪ್ಪಿನ ಆಕಾರದಲ್ಲಿ ಚೂರು ಎದ್ದಿದ್ದರೆ ಅದು ಬಹುತೇಕ ಅಕ್ರಿಲಿಕ್. ಹಾಗಿದ್ದರೆ ಇಲ್ಲಿ ಮುಂದೆ ಹೇಳುವ ಅಳತೆಗಳು ನಿಮಗೆ ಹೊಂದುವುದಿಲ್ಲ.

ಪಾಲಿಕಾರ್ಬೊನೇಟ್ ಅಂತ ಖಚಿತವಾದ ಮೇಲೆ ಇನ್ನೂ ಒಂದು ವಿಷಯ ತಿಳಿಯಬೇಕು. ಅದರ ಮೇಲೆ ಗೀರು ತಡೆಯುವ ಗಟ್ಟಿ ಕೋಟಿಂಗ್ ಇದೆಯೋ ಇಲ್ಲವೋ? ಕೋಟಿಂಗ್ ಇರುವ ಶೀಟು ವೈಪರಿಗೆ ಒಳ್ಳೆಯದು, ಬಗ್ಗಿಸಲು ಕೆಟ್ಟದ್ದು. ಕೋಟಿಂಗ್ ಇಲ್ಲದ್ದು ಇದರ ಉಲ್ಟಾ. ಉಳಿಕೆ ತುಂಡಿನ ಮೂಲೆಯನ್ನು ಸ್ಟೀಲ್ ಉಣ್ಣೆಯಿಂದ ಸುಮ್ನೆ ಒಂದೆರಡು ಸಲ ಉಜ್ಜಿ ನೋಡಿ. ಕೋಟಿಂಗ್ ಇಲ್ಲದಿದ್ದರೆ ತಕ್ಷಣ ಮಬ್ಬಾಗುತ್ತದೆ. ಎರಡೂ ಬದಿ ಉಜ್ಜಿ ನೋಡಿ, ಕೆಲವು ಶೀಟುಗಳಿಗೆ ಒಂದೇ ಬದಿ ಕೋಟಿಂಗ್ ಇರುತ್ತದೆ.

ಎಲ್ಲಕ್ಕಿಂತ ಮೊದಲು ಬೋಲ್ಟು ಸಡಿಲಿಸಿ

ದೋಷ ಯಾವುದೇ ಇರಲಿ, ನಾನು ಹೇಳುವ ಮೊದಲ ಪರೀಕ್ಷೆ ಇದೇ. ಎಲ್ಲ ಬೋಲ್ಟುಗಳನ್ನೂ ಒಂದೊಂದಾಗಿ ಪೂರ್ತಿ ಸಡಿಲ ಮಾಡಿ, ಆದರೆ ತೆಗೆಯಬೇಡಿ. ಬೀಡಿಂಗ್, ಅಂದರೆ ಅಂಚು ಮುಚ್ಚುವ ಪಟ್ಟಿ, ಇದ್ದರೆ ಬಿಡಿಸಿ. ಈಗ ಶೀಟು ಎಲ್ಲಿ ನಿಂತಿದೆ ನೋಡಿ. ಫ್ರೇಮಿಗೆ ತಾನಾಗಿಯೇ ಒರಗಿ ಕೂತಿದ್ದರೆ ಒಳ್ಳೆಯದು. ಕೆಳಗಿನ ಮೂಲೆಗಳು ಟಪ್ ಅಂತ ಹೊರಗೆ ನೆಗೆದು ನಿಂತರೆ ನೀವು ಇಷ್ಟು ದಿನ ಬೋಲ್ಟಿನಲ್ಲಿ ಶೀಟನ್ನು ಎಳೆದು ಹಿಡಿದಿದ್ದಿರಿ ಅಂತ ಅರ್ಥ. ಆ ಅಂತರವನ್ನು ಅಳೆದು ಬರೆದಿಟ್ಟುಕೊಳ್ಳಿ. ಫ್ರೇಮಿನ ಆಕಾರಕ್ಕೂ ಶೀಟಿನ ಆಕಾರಕ್ಕೂ ಇರುವ ಜಗಳ ಎಷ್ಟು ಅಂತ ಅದೇ ಹೇಳುತ್ತದೆ.

ತಣ್ಣಗೆ, ಅಂದರೆ ಬಿಸಿ ಮಾಡದೆ, ಬಗ್ಗಿಸಿ ಕೂರಿಸಿದ ಶೀಟು ನೆಗೆಯುವುದು ಸಹಜ, ಅದು ಇರಬೇಕಾದದ್ದೇ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಎಷ್ಟು ಬಿಗಿಯಾಗಿ ಬಗ್ಗಿಸಿದ್ದೀರಿ? ಅದಕ್ಕೆ ಮುಂದೆ ಬರುತ್ತೇನೆ. ಬಿಸಿ ಮಾಡಿ ಅಚ್ಚಿನ ಮೇಲೆ ರೂಪ ಕೊಟ್ಟ ಶೀಟು ಮಾತ್ರ ನೆಗೆಯಬಾರದು. ನೆಗೆದರೆ ಅದನ್ನು ಅಚ್ಚಿನಿಂದ ಬೇಗ ಎತ್ತಿದ್ದೀರಿ, ಅಥವಾ ಅಚ್ಚೇ ಫ್ರೇಮಿಗೆ ಸರಿಹೊಂದುತ್ತಿಲ್ಲ.

ಎರಡನೇ ಪರೀಕ್ಷೆಗೆ ಒಂದು ಎಲ್‌ಸಿಡಿ ಲ್ಯಾಪ್‌ಟಾಪ್ ಮತ್ತು ಪೋಲರೈಸ್ಡ್ ತಂಪು ಕನ್ನಡಕ ಸಾಕು. ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪರದೆ ತೆರೆದು ವಿಂಡ್‌ಸ್ಕ್ರೀನಿನ ಹಿಂದೆ ಇಡಿ. ಕನ್ನಡಕದ ಮೂಲಕ ನೋಡುತ್ತಾ, ಬರೀ ಪರದೆ ಕಪ್ಪಾಗಿ ಕಾಣುವ ತನಕ ಕನ್ನಡಕವನ್ನು ತಿರುಗಿಸಿ. ಈಗ ಶೀಟಿನ ಮೂಲಕ ನೋಡಿದರೆ ಒತ್ತಡ ಇರುವ ಕಡೆ ಬಣ್ಣದ ಪಟ್ಟೆಗಳು ಎದ್ದು ಕಾಣುತ್ತವೆ. ಶೀಟು ತಯಾರಾಗುವಾಗಲೇ ಉಳಿದ ತೆಳುವಾದ ಬಣ್ಣ ಎಲ್ಲ ಕಡೆ ಇರಬಹುದು, ಅದಕ್ಕೆ ಹೆದರಬೇಡಿ. ಒಂದು ತೂತಿನ ಸುತ್ತ ಅಥವಾ ಒಂದು ಮೂಲೆಯಲ್ಲಿ ಪಟ್ಟೆಗಳು ಒತ್ತೊತ್ತಾಗಿ ಸೇರಿದ್ದರೆ ಅಲ್ಲಿ ತೊಂದರೆ ಇದೆ. ಬೋಲ್ಟು ಸಡಿಲಿಸುತ್ತಾ ನೋಡಿದರೆ ಪಟ್ಟೆಗಳು ಕರಗುವುದು ಕಣ್ಣೆದುರೇ ಕಾಣುತ್ತದೆ.

ಇದಕ್ಕೊಂದು ಮಿತಿ ಇದೆ. ತಣ್ಣಗೆ ಬಗ್ಗಿಸಿದ ಒತ್ತಡ ಇದರಲ್ಲಿ ಸರಿಯಾಗಿ ಕಾಣುವುದಿಲ್ಲ. ಬಗ್ಗಿಸಿದಾಗ ಹೊರಮೈ ಎಳೆತದಲ್ಲಿರುತ್ತದೆ, ಒಳಮೈ ಅಷ್ಟೇ ಅದುಮಿರುತ್ತದೆ. ಬೆಳಕು ಎರಡನ್ನೂ ದಾಟಿ ಬರುವಾಗ ಒಂದನ್ನೊಂದು ಅಳಿಸಿಹಾಕುತ್ತವೆ. ಹಾಗಾಗಿ ಪರದೆಯಲ್ಲಿ ಬಣ್ಣ ಕಾಣದಿದ್ದರೆ ಒತ್ತಡವೇ ಇಲ್ಲ ಅಂತ ತೀರ್ಮಾನಿಸಬೇಡಿ. ಬಗ್ಗಿಸಿದ್ದಕ್ಕೆ ಲೆಕ್ಕವೇ ಹಾಕಬೇಕು.

ಬಿರುಕು: ಎಲ್ಲಿ ಹುಟ್ಟಿತು, ಯಾವಾಗ ಹುಟ್ಟಿತು

ಬಿರುಕನ್ನು ನೋಡುವಾಗ ಅದರ ಉದ್ದವನ್ನು ಬಿಟ್ಟು ಅದರ ಬುಡವನ್ನು ಹುಡುಕಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಬಿರುಕು ಬೆಳ್ಳಿ ಗೆರೆಯಂತೆ ಮಿನುಗುತ್ತದೆ. ಬುಡ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಇನ್ನರ್ಧವನ್ನು ಅದು ಕಾಣಿಸಿಕೊಂಡ ಸಮಯ ಹೇಳುತ್ತದೆ. ಬಿಗಿಯುವಾಗಲೇ ಬಂದರೆ ಕೈಯ ಬಲ. ತೊಳೆದು ಒರೆಸಿದ ಕೆಲವೇ ಹೊತ್ತಿನಲ್ಲಿ ಬಂದರೆ ಆ ದ್ರವ. ಮೊದಲ ಚಳಿ ರಾತ್ರಿಯ ನಂತರ ಬಂದರೆ ಕುಗ್ಗಲು ಜಾಗ ಇರಲಿಲ್ಲ. ವಾರಗಟ್ಟಲೆ ಸುಮ್ಮನಿದ್ದು ಬಂದರೆ ಹಿಡಿದಿಟ್ಟ ಒತ್ತಡ.

ತೂತಿನಿಂದ ಕಿರಣದ ಹಾಗೆ ಹೊರಟ ಬಿರುಕು ಎಲ್ಲಕ್ಕಿಂತ ಜಾಸ್ತಿ ಸಿಗುವಂಥದ್ದು. ಬೋಲ್ಟು ತೆಗೆದು ತೂತಿನ ಒಳಗೋಡೆ ನೋಡಿ. ನುಣುಪಾಗಿ ಇರಬೇಕು. ಮೊಂಡು ಡ್ರಿಲ್ ಬಿಟ್ಟಿನಲ್ಲಿ ಒತ್ತಿ ಕೊರೆದಿದ್ದರೆ ಅಲ್ಲಿ ಕರಗಿ ಮೆತ್ತಿದ ಪ್ಲಾಸ್ಟಿಕ್ ಇರುತ್ತದೆ. ಆ ಬಿಸಿಯೇ ಒತ್ತಡವನ್ನು ಒಳಗೆ ಬೀಗ ಹಾಕಿ ಇಟ್ಟಿರುತ್ತದೆ. ಆಮೇಲೆ ತೂತಿನ ಅಳತೆ. 5 ಮಿ.ಮೀ. ಬೋಲ್ಟಿಗೆ 5 ಮಿ.ಮೀ. ತೂತು ಕೊರೆದಿದ್ದರೆ ಕಾರಣ ಹುಡುಕುವುದನ್ನು ಅಲ್ಲೇ ನಿಲ್ಲಿಸಬಹುದು. ಶೀಟು ಬಿಸಿಗೆ ಹಿಗ್ಗಿದಾಗ ಬೋಲ್ಟೇ ಅದನ್ನು ತಡೆದು ಸೀಳುತ್ತದೆ. ಮೂರನೆಯದು ತೂತು ಅಂಚಿಗೆ ಎಷ್ಟು ಹತ್ತಿರ ಅನ್ನುವುದು. ತೂತಿನ ವ್ಯಾಸದ ಕನಿಷ್ಠ ಎರಡರಷ್ಟು ಜಾಗ ಅಂಚಿನ ತನಕ ಉಳಿದಿರಬೇಕು. ಅಂದಕ್ಕೆ ಅಂತ ತಲೆ ಮುಳುಗುವ ಸ್ಕ್ರೂ ಹಾಕಲು ತೂತಿನ ಬಾಯಿ ಇಳಿಜಾರು ಮಾಡಿದ್ದರೆ ಅದೂ ಬೇಡ. ಆ ಸ್ಕ್ರೂ ಬಿಗಿಯುತ್ತಾ ಹೋದಂತೆ ಬೆಣೆಯ ಕೆಲಸ ಮಾಡುತ್ತದೆ. ಚಪ್ಪಟೆ ತಲೆ, ಅಗಲ ವಾಷರ್, ನಡುವೆ ರಬ್ಬರ್, ಇಷ್ಟೇ ಸರಿ. ಬೈಕಿನ ವಿಂಡ್‌ಶೀಲ್ಡಿಗೆ ಬರುವ, ರಬ್ಬರಿನೊಳಗೆ ನಟ್ ಕೂರಿಸಿದ ವೆಲ್‌ನಟ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ತೂತೂ ಸರಿ, ಬಿಗಿಯೂ ಹದವಾಗಿದೆ, ಆದರೂ ತೂತಿನ ಸುತ್ತ ಕೂದಲೆಳೆಯ ಬಿರುಕಿನ ಜೊಂಪೆ ಇದೆಯಾ? ಹಾಗಾದರೆ ಬೋಲ್ಟಿಗೆ ಏನು ಹಚ್ಚಿದಿರಿ ಅಂತ ನೆನಪು ಮಾಡಿಕೊಳ್ಳಿ. ಬೋಲ್ಟು ಅಲುಗಿ ಸಡಿಲವಾಗದಿರಲಿ ಅಂತ ಹಾಕುವ ಥ್ರೆಡ್‌ಲಾಕರ್ ಪಾಲಿಕಾರ್ಬೊನೇಟಿನ ಬದ್ಧ ವೈರಿ. ಎಳೆತದಲ್ಲಿರುವ ತೂತಿಗೆ ಅದು ಇಳಿದರೆ ಬಿರುಕು ಬರಲು ಹೆಚ್ಚು ಹೊತ್ತು ಬೇಡ. ಬದಲಿಗೆ ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ ಬಳಸಿ.

ಇದೇ ಗುಂಪಿನ ಇತರ ವೈರಿಗಳು: ಅಸಿಟೋನ್, ಥಿನ್ನರ್, ಪೆಟ್ರೋಲ್, ಬ್ರೇಕ್ ಕ್ಲೀನರ್, ಅಮೋನಿಯಾ ಇರುವ ಗಾಜು ಒರೆಸುವ ದ್ರವ. ಮೆತ್ತನೆ ಪಿವಿಸಿ ಬೀಡಿಂಗ್ ಕೂಡ. ಪಿವಿಸಿಯನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಹೊರಬಂದು ಶೀಟನ್ನು ತಿನ್ನುತ್ತದೆ. ಬೀಡಿಂಗಿನ ಉದ್ದಕ್ಕೂ ಮಾತ್ರ ಬಿರುಕಿದ್ದರೆ ಇದನ್ನೇ ಅನುಮಾನಿಸಿ, ಇಪಿಡಿಎಂ ಅನ್ನುವ ಬಗೆಯ ರಬ್ಬರಿಗೆ ಬದಲಾಯಿಸಿ. ಸಿಲಿಕೋನ್ ಹಚ್ಚಿದ ಗೆರೆಯಲ್ಲೇ ಬಿರುಕಿದ್ದರೆ ಆ ಟ್ಯೂಬಿನ ವಾಸನೆ ನೋಡಿ. ವಿನೆಗರ್ ವಾಸನೆ ಬಂದರೆ ಅದು ಆಮ್ಲ ಬಿಡುವ ಬಗೆಯದು, ಇಲ್ಲಿಗೆ ಅಲ್ಲ. ನ್ಯೂಟ್ರಲ್ ಕ್ಯೂರ್ ಅಂತ ಬರೆದದ್ದು ಬೇಕು. ಸುತ್ತ ಕಪ್ಪು ಪಟ್ಟಿ ಬಳಿಯಲು ಸ್ಪ್ರೇ ಬಣ್ಣ ಹೊಡೆದಿದ್ದರೆ, ಬಣ್ಣದಲ್ಲಿರುವ ಥಿನ್ನರ್ ಆ ಪಟ್ಟಿಯ ತುಂಬ ಬಿರುಕಿನ ಜಾಲ ಎಬ್ಬಿಸಿರುತ್ತದೆ.

ಅನುಮಾನ ಇರುವ ದ್ರವವನ್ನು ವಿಂಡ್‌ಸ್ಕ್ರೀನಿನ ಮೇಲೆ ಪರೀಕ್ಷೆ ಮಾಡಬೇಡಿ. ಉಳಿಕೆಯ ಒಂದು ಪಟ್ಟಿಯನ್ನು ಕಾರಿನ ಮೇಲಿರುವಷ್ಟೇ ಬಗ್ಗಿಸಿ ಎರಡೂ ತುದಿ ಕಟ್ಟಿ. ಉಬ್ಬಿದ ಮೈಗೆ ಆ ದ್ರವವನ್ನು ಹಚ್ಚಿ ರಾತ್ರಿಯಿಡೀ ಬಿಡಿ. ಪಕ್ಕದಲ್ಲಿ ಏನೂ ಹಚ್ಚದ ಇನ್ನೊಂದು ಪಟ್ಟಿ ಇರಲಿ. ಬಗ್ಗಿಸದ ಪಟ್ಟಿಯ ಮೇಲೆ ಹಚ್ಚಿ "ಏನೂ ಆಗಲಿಲ್ಲ" ಅನ್ನುವವರು ಬಹಳ ಮಂದಿ. ಒತ್ತಡ ಇಲ್ಲದಿದ್ದಾಗ ಸುಮ್ಮನಿರುವ ದ್ರವವೇ ಒತ್ತಡ ಇದ್ದಾಗ ಕಚ್ಚುತ್ತದೆ.

ಹೊರ ಅಂಚಿನಿಂದ ಒಳಕ್ಕೆ ಹೊರಟ ಬಿರುಕಿಗೆ ಕಾರಣ ಸಾಮಾನ್ಯವಾಗಿ ಗರಗಸದ ಹಲ್ಲಿನ ಗುರುತು. ಜಿಗ್‌ಸಾದಲ್ಲಿ ಕತ್ತರಿಸಿ ಹಾಗೇ ಬಿಟ್ಟ ಅಂಚಿನಲ್ಲಿ ನೂರಾರು ಸಣ್ಣ ಕಚ್ಚುಗಳಿರುತ್ತವೆ. ಪ್ರತಿಯೊಂದೂ ಬಿರುಕಿನ ಬಾಗಿಲು. ಬ್ಲೇಡಿನಲ್ಲಿ ಹೆರೆದು, 400 ನಂಬರಿನ ಉಪ್ಪುಕಾಗದದ ತನಕ ಉಜ್ಜಿ, ಅಂಚಿನ ಚೂಪು ತೆಗೆಯಬೇಕು. ಒಳಮೂಲೆಗಳನ್ನು ಎಂದೂ ಚೂಪಾಗಿ ಬಿಡಬೇಡಿ. ವೈಪರ್ ತಿರುಗುವ ಕಡ್ಡಿಗೋ ಕನ್ನಡಿ ಕಾಲಿಗೋ ಬಿಟ್ಟ ಕಚ್ಚಿನ ಮೂಲೆಯಲ್ಲಿ ಮೊದಲು ಒಂದು ತೂತು ಕೊರೆದು ಆಮೇಲೆ ಅಲ್ಲಿಗೆ ಗರಗಸ ತನ್ನಿ.

ಇನ್ನು ಬಾಗಿನ ಉದ್ದಕ್ಕೂ ಸಾಲುಸಾಲಾಗಿ, ಒಂದಕ್ಕೊಂದು ಸಮನಾಗಿ ನಿಂತ ಸೂಕ್ಷ್ಮ ಗೆರೆಗಳು. ಉಗುರಿಗೆ ತಾಗುವುದಿಲ್ಲ, ಹೊರಮೈಯಲ್ಲಿ ಮಾತ್ರ ಇರುತ್ತವೆ, ಬಿಸಿಲಿಗೆ ಎದುರಾದಾಗ ಕಣ್ಣು ಕುಕ್ಕುತ್ತವೆ. ಇದು ಗಟ್ಟಿ ಕೋಟಿಂಗ್ ಒಡೆದದ್ದು. ಒಳಗಿನ ಪ್ಲಾಸ್ಟಿಕ್ ಹಿಗ್ಗಿತು, ಮೇಲಿನ ಗಡಸು ಪದರ ಹಿಗ್ಗಲಿಲ್ಲ. ಇಲ್ಲಿ ಲೆಕ್ಕ ಬೇಕು.

ಕೋಟಿಂಗ್ ಇಲ್ಲದ ಪಾಲಿಕಾರ್ಬೊನೇಟನ್ನು ತಣ್ಣಗೆ ಬಗ್ಗಿಸಲು ಸಾಮಾನ್ಯ ಮಿತಿ ಶೀಟಿನ ದಪ್ಪದ 100 ಪಟ್ಟು ತ್ರಿಜ್ಯ. ಕೋಟಿಂಗ್ ಇದ್ದರೆ 175 ಪಟ್ಟಿನ ಆಸುಪಾಸು, ಕೆಲವು ಗಟ್ಟಿ ಕೋಟಿಂಗಿನ ಶೀಟುಗಳನ್ನು ಬಗ್ಗಿಸಲೇಬಾರದು. ತಯಾರಕರ ಕಾಗದದಲ್ಲಿ ಇದು ಇರುತ್ತದೆ, ಅದನ್ನೇ ನಂಬಿ. ನಿಮ್ಮ ಬಾಗು ಎಷ್ಟಿದೆ ಅಂತ ಅಳೆಯುವುದು ಸುಲಭ. ಬಾಗಿನ ಮೇಲೆ ನೇರ ಪಟ್ಟಿಯೊಂದನ್ನು ಒಳಗಿನಿಂದ ಎರಡು ತುದಿಗೆ ತಾಗಿಸಿ ಇಡಿ. ತುದಿಯಿಂದ ತುದಿಗೆ ಇರುವ ಉದ್ದವನ್ನೂ, ಮಧ್ಯದಲ್ಲಿ ಪಟ್ಟಿಯಿಂದ ಶೀಟಿಗಿರುವ ಆಳವನ್ನೂ ಅಳೆಯಿರಿ. ಉದ್ದದ ವರ್ಗವನ್ನು ಆಳದ 8 ಪಟ್ಟಿನಿಂದ ಭಾಗಿಸಿ, ಅದಕ್ಕೆ ಆಳದ ಅರ್ಧ ಸೇರಿಸಿದರೆ ತ್ರಿಜ್ಯ. ಉದ್ದ 600 ಮಿ.ಮೀ., ಆಳ 100 ಮಿ.ಮೀ. ಇದ್ದರೆ 450 ಕೂಡಿಸು 50, ಅಂದರೆ 500 ಮಿ.ಮೀ. ಕೋಟಿಂಗ್ ಇಲ್ಲದ 4 ಮಿ.ಮೀ. ಶೀಟಿಗೆ 400 ಸಾಕು, ಹಾಗಾಗಿ ಇದು ನಡೆಯುತ್ತದೆ. 5 ಮಿ.ಮೀ. ಶೀಟು ಸರಿಯಾಗಿ ಮಿತಿಯ ಮೇಲೆ ನಿಂತಿದೆ. ಕೋಟಿಂಗ್ ಇರುವ 4 ಮಿ.ಮೀ. ಶೀಟಿಗೆ 700 ಬೇಕಿತ್ತು, ಅದು ಒಡೆಯುವುದೇ. ದಪ್ಪ ಜಾಸ್ತಿ ಮಾಡಿದರೆ ಗಟ್ಟಿ ಅಂತ ಹೊರಟವರಿಗೆ ಈ ಲೆಕ್ಕ ಸ್ವಲ್ಪ ಬೇಜಾರು ತರಿಸುತ್ತದೆ. ಒಂದೇ ಬಾಗಿಗೆ ದಪ್ಪ ಶೀಟಿನಲ್ಲೇ ಒತ್ತಡ ಜಾಸ್ತಿ.

ಬಾಗು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ ಅನ್ನುವುದನ್ನೂ ಮರೆಯಬೇಡಿ. ಮಧ್ಯ ಚಪ್ಪಟೆಯಾಗಿದ್ದು ಎರಡು ಪಕ್ಕದಲ್ಲಿ ಬಿಗಿಯಾಗಿ ತಿರುಗಿದ್ದರೆ, ಅಳತೆ ತೆಗೆಯಬೇಕಾದದ್ದು ಆ ತಿರುವಿನಲ್ಲಿ.

ಬಿಸಿಲಲ್ಲಿ ಉಬ್ಬು, ನೆರಳಲ್ಲಿ ಕಟಕಟ

ಮಧ್ಯಾಹ್ನ ನಿಲ್ಲಿಸಿದ ಕಾರಿನ ವಿಂಡ್‌ಸ್ಕ್ರೀನ್ ಮಧ್ಯದಲ್ಲಿ ಉಬ್ಬಿಕೊಂಡಿದೆ. ಸಂಜೆ ತಣ್ಣಗಾಗುವಾಗ ಕಟಕಟ ಸದ್ದು. ಮಳೆ ಬಂದರೆ ಕೆಳಗಿನ ಅಂಚಿನಲ್ಲಿ ನೀರು. ಮೂರಕ್ಕೂ ಕಾರಣ ಒಂದೇ.

ಪಾಲಿಕಾರ್ಬೊನೇಟ್ ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 0.065 ಮಿ.ಮೀ. ಹಿಗ್ಗುತ್ತದೆ. 1200 ಮಿ.ಮೀ. ಅಗಲದ ಶೀಟನ್ನು 20 ಡಿಗ್ರಿಯಲ್ಲಿ ಕೂರಿಸಿ, ಅದು ಬಿಸಿಲಲ್ಲಿ 60 ಡಿಗ್ರಿ ಮುಟ್ಟಿದರೆ ಸುಮಾರು 3 ಮಿ.ಮೀ. ಬೆಳೆಯುತ್ತದೆ. ಅದೇ ಅಗಲದ ಉಕ್ಕಿನ ಫ್ರೇಮು ಬೆಳೆಯುವುದು 0.6 ಮಿ.ಮೀ. ಮಾತ್ರ, ಅಲ್ಯೂಮಿನಿಯಂ 1.1. ಉಳಿದದ್ದಕ್ಕೆ ಜಾಗ ಕೊಡದಿದ್ದರೆ ಶೀಟು ಉಬ್ಬಲೇಬೇಕು. ಸದ್ದು ಬರುವುದು ಅದು ಬಿಗಿತದಿಂದ ಜಾರಿ ಹಿಂದಕ್ಕೆ ಬರುವಾಗ. ನೀರು ಬರುವುದು ಈ ಹೋಗಿಬರುವ ಆಟದಲ್ಲಿ ಸೀಲಂಟ್ ಕಿತ್ತುಬಂದದ್ದರಿಂದ.

ಸರಿ ಮಾಡುವುದು ಹೀಗೆ. ಕೆಳ ಅಂಚಿನ ಸರಿಮಧ್ಯದ ಒಂದೇ ಬೋಲ್ಟಿಗೆ ಬಿಗಿ ತೂತು ಇರಲಿ. ಅಲ್ಲಿಂದ ಎರಡೂ ಕಡೆ ಹೋದಂತೆ ತೂತುಗಳು ದೊಡ್ಡದಾಗಲಿ. ತುದಿಯಲ್ಲಿ 5 ಮಿ.ಮೀ. ಬೋಲ್ಟಿಗೆ 8 ಅಥವಾ 9 ಮಿ.ಮೀ. ತೂತು ಅತಿಯಲ್ಲ, ಅಗಲ ವಾಷರ್ ಅದನ್ನು ಮುಚ್ಚುತ್ತದೆ. ಬೋಲ್ಟು ಬಿಗಿದ ಮೇಲೂ ಶೀಟು ವಾಷರಿನ ಅಡಿ ಜಾರುವಂತಿರಬೇಕು. ರಬ್ಬರ್ ವಾಷರ್ ಪಕ್ಕಕ್ಕೆ ಉಬ್ಬಿ ಹೊರಬಂದಿದ್ದರೆ ಬಿಗಿ ಜಾಸ್ತಿಯಾಯಿತು. ಬೋಲ್ಟಿನ ಸುತ್ತ ಲೋಹದ ಬುಷ್, ಅಂದರೆ ಸಣ್ಣ ಕೊಳವೆ, ಹಾಕಿದರೆ ಕೈ ಎಷ್ಟೇ ಜೋರಿದ್ದರೂ ಬಿಗಿ ಅಲ್ಲಿಗೇ ನಿಲ್ಲುತ್ತದೆ. ಫ್ರೇಮಿನ ತೋಡಿನೊಳಗೆ ಕೂರುವ ಶೀಟಾದರೆ ಎರಡೂ ಪಕ್ಕದಲ್ಲಿ ಖಾಲಿ ಜಾಗ ಇದೆಯೇ ಅಂತ ತೆಳು ಉಕ್ಕಿನ ಪಟ್ಟಿ ತೂರಿಸಿ ನೋಡಿ.

ಅಂಟಿನಿಂದಲೇ ಕೂರಿಸಿದವರಿಗೆ ಬೇರೆ ಸಮಸ್ಯೆ. ಶೀಟು ಪಾರದರ್ಶಕ ಆದ್ದರಿಂದ ಬಿಸಿಲು ಅದನ್ನು ದಾಟಿ ಅಂಟಿನ ಬೆನ್ನಿಗೇ ಬೀಳುತ್ತದೆ. ಪಾಲಿಯುರಿಥೇನ್ ಅಂಟು ಬಿಸಿಲಿಗೆ ಸೋಲುತ್ತದೆ. ಬಿಸಿಲು ತಡೆಯುವ ಕಪ್ಪು ಪ್ರೈಮರ್ ಪಟ್ಟಿ ಇಲ್ಲದೆ ಅಂಟಿಸಿದ್ದರೆ, ಅಂಟು ಶೀಟಿನಿಂದ ನೀಟಾಗಿ ಬಿಟ್ಟುಕೊಂಡಿರುತ್ತದೆ, ಫ್ರೇಮಿನ ಕಡೆ ಗಟ್ಟಿಯಾಗಿಯೇ ಇರುತ್ತದೆ. ಯಾವ ಕಡೆ ಬಿಟ್ಟಿದೆ ಅನ್ನುವುದೇ ಇಲ್ಲಿ ಸಾಕ್ಷಿ.

ಗುಳ್ಳೆ ಮತ್ತು ಅಲೆ

ಬಿಸಿ ಮಾಡಿ ರೂಪ ಕೊಡುವಾಗ ಶೀಟಿನೊಳಗೆ ಸಣ್ಣ ಗುಳ್ಳೆಗಳು ಎದ್ದರೆ ಕಾರಣ ತೇವ. ಪಾಲಿಕಾರ್ಬೊನೇಟ್ ಗಾಳಿಯಿಂದ ಸ್ವಲ್ಪ ನೀರು ಹೀರಿಕೊಳ್ಳುತ್ತದೆ, ತೂಕದ ಶೇ. 0.15ರಷ್ಟು. ಕಡಿಮೆ ಅನಿಸಬಹುದು. ಆದರೆ ರೂಪ ಕೊಡುವ ಬಿಸಿ 160 ಡಿಗ್ರಿ ದಾಟುತ್ತದೆ, ಆ ನೀರು ಅಲ್ಲೇ ಹಬೆಯಾಗುತ್ತದೆ. ಒಣಗಿಸಲು 120ರಿಂದ 125 ಡಿಗ್ರಿಯ ಓವನ್ ಬೇಕು. ಆ ಬಿಸಿಯಲ್ಲಿ ಶೀಟು ಮೆತ್ತಗಾಗುವುದಿಲ್ಲ, ಏಕೆಂದರೆ ಅದು ಮೆತ್ತಗಾಗುವುದು 147 ಡಿಗ್ರಿಯ ಹತ್ತಿರ. ಎಷ್ಟು ಹೊತ್ತು ಅನ್ನುವುದು ದಪ್ಪದ ಮೇಲೆ ಹೋಗುತ್ತದೆ. ದಪ್ಪ ಎರಡು ಪಟ್ಟಾದರೆ ಹೊತ್ತು ಸುಮಾರು ನಾಲ್ಕು ಪಟ್ಟು. 3 ಮಿ.ಮೀ. ಶೀಟಿಗೆ ಕೆಲವು ಗಂಟೆ ಸಾಕು, 6 ಮಿ.ಮೀ. ಶೀಟಿಗೆ ಒಂದು ದಿನದ ಹತ್ತಿರ ಹೋಗುತ್ತದೆ. ರಕ್ಷಣಾ ಹಾಳೆ ಕಿತ್ತು, ಎರಡೂ ಬದಿಗೆ ಗಾಳಿ ಆಡುವಂತೆ ನಿಲ್ಲಿಸಿ. ಒಣಗಿದ ಶೀಟನ್ನು ನಾಳೆಗೆ ಅಂತ ಇಟ್ಟರೆ ಮತ್ತೆ ತೇವ ಹೀರುತ್ತದೆ. ದೊಡ್ಡ ಶೀಟು ಹಾಕುವ ಮೊದಲು ಅದರ ಜೊತೆಗೇ ಒಣಗಿಸಿದ ಸಣ್ಣ ತುಂಡನ್ನು ರೂಪ ಕೊಡುವ ಬಿಸಿಗೆ ಏರಿಸಿ ನೋಡಿ. ಅದರಲ್ಲಿ ಗುಳ್ಳೆ ಎದ್ದರೆ ಇನ್ನೂ ಒಣಗಿಲ್ಲ.

ಗುಳ್ಳೆ ಒಂದೇ ಜಾಗದಲ್ಲಿ ಗುಂಪಾಗಿದ್ದರೆ ತೇವದ ಜೊತೆ ಇನ್ನೊಂದು ಕಾರಣ ಇದೆ. ಹೀಟ್ ಗನ್ ಅಲ್ಲಿ ನಿಂತುಬಿಟ್ಟಿತ್ತು. ಇಡೀ ವಿಂಡ್‌ಸ್ಕ್ರೀನಿಗೆ ಹೀಟ್ ಗನ್ನಿನಲ್ಲೇ ರೂಪ ಕೊಡುವ ಪ್ರಯತ್ನ ಮಾಡಬೇಡಿ ಅಂತಲೇ ನನ್ನ ಸಲಹೆ. ಒಂದು ಅಂಚು ಮಡಚಲು ಅದು ಸಾಕು, ದೊಡ್ಡ ಬಾಗಿಗೆ ಬಿಸಿ ಸಮನಾಗಿ ಏರುವುದೇ ಇಲ್ಲ.

ಡ್ರೈವರ್ ಸೀಟಿನಲ್ಲಿ ಕೂತು ಇಟ್ಟಿಗೆ ಗೋಡೆಯನ್ನೋ ಜಾಲರಿ ಬಾಗಿಲನ್ನೋ ನೋಡಿ ತಲೆ ಆಡಿಸಿ. ಗೆರೆಗಳು ಎಲ್ಲ ಕಡೆ ನಿಧಾನವಾಗಿ ಬಾಗಿದರೆ ಅದು ಬಾಗಿನ ಸ್ವಭಾವ. ಒಂದು ಜಾಗದಲ್ಲಿ ಮಾತ್ರ ಭೂತಗನ್ನಡಿಯಂತೆ ಉಬ್ಬಿದರೆ ಅಲ್ಲಿ ಬಿಸಿ ಜಾಸ್ತಿಯಾಗಿ ಶೀಟು ತೆಳುವಾಗಿದೆ. ಮೇಲ್ಮೈ ತುಂಬ ಕಿತ್ತಳೆ ಸಿಪ್ಪೆಯಂಥ ತರಿ ಇದ್ದರೆ ಅದು ಅಚ್ಚಿನ ಮೇಲ್ಮೈಯೇ ಮೂಡಿದ್ದು. ಶೀಟು ಅಗತ್ಯಕ್ಕಿಂತ ಬಿಸಿಯಾಗಿತ್ತು. ತನ್ನ ತೂಕಕ್ಕೆ ತಾನೇ ಇಳಿಯುವ ಕನಿಷ್ಠ ಬಿಸಿಯಲ್ಲಿ ಅಚ್ಚಿನ ಮೇಲೆ ಹಾಸಿ, ಅಚ್ಚಿಗೆ ಫ್ಲಾನೆಲ್ ಬಟ್ಟೆಯನ್ನು ಸುಕ್ಕಿಲ್ಲದೆ ಎಳೆದು ಕಟ್ಟಿ. ಇಲ್ಲಿ ಒಂದು ಕಹಿ ಸತ್ಯ ಇದೆ. ವಿಂಡ್‌ಸ್ಕ್ರೀನ್ ಎಷ್ಟು ಹಿಂದಕ್ಕೆ ಮಲಗಿರುತ್ತದೋ ಅಷ್ಟು ಈ ದೋಷಗಳು ಜಾಸ್ತಿ ಕಾಣುತ್ತವೆ, ಏಕೆಂದರೆ ನೋಟ ಶೀಟನ್ನು ಓರೆಯಾಗಿ ಹಾಯುತ್ತದೆ. ಬೆಂಚಿನ ಮೇಲೆ ನೇರ ಹಿಡಿದು "ಚೆನ್ನಾಗಿದೆ" ಅಂದ ಶೀಟು ಕಾರಿನಲ್ಲಿ ತಲೆನೋವು ತರಬಹುದು. ನೋಡುವುದಾದರೆ ಕಾರಿನಲ್ಲಿರುವ ಓರೆಯಲ್ಲೇ ಹಿಡಿದು ನೋಡಿ. ಅಲೆಯನ್ನು ಪಾಲಿಶ್ ಮಾಡಿ ತೆಗೆಯಲು ಆಗುವುದಿಲ್ಲ.

ಅಂಗಡಿಯಿಂದ ತಂದ ಶೀಟನ್ನು ಮೊದಲ ಸಲ ಬಿಸಿ ಮಾಡಿದಾಗ ಒಂದು ದಿಕ್ಕಿನಲ್ಲಿ ಕುಗ್ಗುವುದೂ ಉಂಟು. ಸರಿ ಅಳತೆಗೆ ಕತ್ತರಿಸಿ ಆಮೇಲೆ ಬಿಸಿ ಮಾಡಿದವರು ಮೂಲೆ ಮುಟ್ಟಿಸಲು ಎಳೆದು ಬೋಲ್ಟು ಹಾಕುತ್ತಾರೆ. ವಾರಗಳ ನಂತರ ಬರುವ ಆ ಬಿರುಕಿನ ಕಥೆ ಶುರುವಾಗುವುದು ಇಲ್ಲೇ. ದೊಡ್ಡದಾಗಿ ಕತ್ತರಿಸಿ, ರೂಪ ಕೊಟ್ಟು, ಅಚ್ಚಿನ ಮೇಲೇ ಕೈಯಲ್ಲಿ ಮುಟ್ಟುವಷ್ಟು ತಣಿಯಲು ಬಿಟ್ಟು, ಕೊನೆಗೆ ಅಂಚು ಕತ್ತರಿಸಬೇಕು.

ವೇಗದಲ್ಲಿ ನಡುಕ

ಮೊದಲು ನಡುಗುತ್ತಿರುವುದು ಶೀಟೋ ಫ್ರೇಮೋ ಅಂತ ತಿಳಿಯಿರಿ. ಶೀಟಿನ ಮೇಲಿಂದ ಫ್ರೇಮಿನ ಮೇಲಕ್ಕೆ ದಾಟುವಂತೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದು, ಓಡುವಾಗ ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಗೆರೆ ಮುರಿದು ಮುರಿದು ಕಂಡರೆ ಶೀಟು. ಗೆರೆ ನೆಟ್ಟಗಿದ್ದು ಎಲ್ಲವೂ ಒಟ್ಟಿಗೆ ಅಲುಗಿದರೆ ಫ್ರೇಮಿನ ಬುಡ ಅಥವಾ ಅದು ನಿಂತ ಬಾಡಿ ದುರ್ಬಲ.

ಶೀಟಾದರೆ ಅದರ ಬಿಗುವಿನ ಕೊರತೆ. ಪಾಲಿಕಾರ್ಬೊನೇಟ್ ಗಾಜಿಗಿಂತ ಸುಮಾರು 30 ಪಟ್ಟು ಹೆಚ್ಚು ಬಳುಕುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 47 ಕೆ.ಜಿ. ಭಾರದಷ್ಟು. 160ರಲ್ಲಿ 120 ಕೆ.ಜಿ.ಯ ಹತ್ತಿರ. ಮಲಗಿದ ವಿಂಡ್‌ಸ್ಕ್ರೀನಿಗೆ ಇದರಲ್ಲಿ ಸ್ವಲ್ಪ ಭಾಗ ಮಾತ್ರ ತಾಗಿದರೂ, ಹಿಡಿತವಿಲ್ಲದ ಮೇಲಂಚು ಬಡಿದುಕೊಳ್ಳಲು ಅದು ಸಾಕು. 4 ಮಿ.ಮೀ.ಯಿಂದ 5 ಮಿ.ಮೀ.ಗೆ ಹೋದರೆ ಬಿಗುವು ಸುಮಾರು ಎರಡು ಪಟ್ಟಾಗುತ್ತದೆ. ಆದರೆ ಬಾಗಿನ ಮಿತಿ ನೆನಪಿದೆ ಅಲ್ವಾ? ನನ್ನ ಮೊದಲ ಆಯ್ಕೆ ಮೇಲಂಚಿಗೆ ಒಂದು ತೆಳು ಅಲ್ಯೂಮಿನಿಯಂ ಪಟ್ಟಿ, ರಬ್ಬರ್ ಒಳಪದರದ ಸಮೇತ. ನೋಡಲು ಅಷ್ಟು ಚಂದ ಇಲ್ಲ, ಒಪ್ಪುತ್ತೇನೆ.

ಗೀರು, ಮಬ್ಬು, ಹಳದಿ

ಕಮಾನಿನಾಕಾರದ ಗೀರಿದ್ದರೆ ವೈಪರ್. ಕೋಟಿಂಗ್ ಇಲ್ಲದ ಶೀಟಿನ ಮೇಲೆ ವೈಪರ್ ಹಾಕಲೇಬಾರದು. ಸುತ್ತುಸುತ್ತಾದ ಗೀರಿದ್ದರೆ ಒಣ ಬಟ್ಟೆಯಲ್ಲಿ ಒರೆಸಿದ್ದು. ಒರೆಸಿದಷ್ಟೂ ಪ್ಲಾಸ್ಟಿಕ್ಕಿಗೆ ಸ್ಥಾಯೀ ವಿದ್ಯುತ್ ಏರಿ ಇನ್ನಷ್ಟು ಧೂಳು ಎಳೆಯುತ್ತದೆ. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಸೌಮ್ಯ ಸೋಪಿನ ನೀರು, ಮೆತ್ತನೆ ಬಟ್ಟೆ. ರೇಸಿನವರು ಈ ಸಮಸ್ಯೆಗೆ ಸುಲಿದು ಎಸೆಯುವ ತೆಳು ಹಾಳೆಗಳ ಉಪಾಯ ಕಂಡುಕೊಂಡಿದ್ದಾರೆ. 2020ರಲ್ಲಿ ಅಮೆರಿಕದ ಇಂಡಿಕಾರ್ ರೇಸ್ ಕಾರುಗಳಿಗೆ ಬಂದ ಏರೋಸ್ಕ್ರೀನ್ ಅನ್ನುವ, ಚಾಲಕನ ಮುಂದಿನ ಪಾಲಿಕಾರ್ಬೊನೇಟ್ ರಕ್ಷಣಾ ಪರದೆಯ ಮೇಲೂ ಅಂಥ ಹಾಳೆಗಳಿವೆ. ಒಂದು ಮಸುಕಾದರೆ ಸುಲಿದುಬಿಡುವುದು, ಅಡಿಯಲ್ಲಿ ಹೊಸದು.

ಹಳದಿ ಬಂದರೆ ಅದು ಬಿಸಿಲಿನ ಅತಿನೇರಳೆ ಕಿರಣದ ಕೆಲಸ. ಹೊರಾಂಗಣ ಶೀಟುಗಳಿಗೆ ಅದನ್ನು ತಡೆಯುವ ತೆಳು ಪದರ ಇರುತ್ತದೆ, ಎಷ್ಟೋ ಸಲ ಒಂದೇ ಬದಿಗೆ. ಯಾವ ಬದಿ ಹೊರಗೆ ಅಂತ ರಕ್ಷಣಾ ಹಾಳೆಯ ಮೇಲೆ ಬರೆದಿರುತ್ತದೆ. ಹಾಳೆ ಕೀಳುವಾಗಲೇ ಅಂಚಿನಲ್ಲಿ ಗುರುತು ಹಾಕಿಕೊಳ್ಳದಿದ್ದರೆ ಆಮೇಲೆ ಕಣ್ಣಿಗೆ ತಿಳಿಯುವುದಿಲ್ಲ. ಗೀರು ಹೋಗಲಿ ಅಂತ ಜೋರಾಗಿ ಪಾಲಿಶ್ ಮಾಡಿದರೂ ಇದೇ ಪದರ ಹೋಗುತ್ತದೆ. ಮೊದಲು ಫಳಫಳ, ಆಮೇಲೆ ಹಳದಿ.

ಉಳಿಸುವುದೋ, ಬದಲಾಯಿಸುವುದೋ

ಡ್ರೈವರಿನ ನೋಟಕ್ಕೆ ಅಡ್ಡ ಬರುವ ಬಿರುಕು, ಅಂಚಿನಿಂದ ಹೊರಟ ಬಿರುಕು, ಯಾವುದೇ ದ್ರವದಿಂದ ಬಂದ ಜಾಲ, ಇವಿದ್ದರೆ ಶೀಟು ಬದಲಾಯಿಸಿ. ಕೆಳಗಿನ ಮೂಲೆಯ ತೂತಿನ ಬಳಿ ಒಂದೇ ಒಂದು ಚಿಕ್ಕ ಬಿರುಕಿದ್ದರೆ, ಅದರ ತುದಿ ಹುಡುಕಿ 3 ಮಿ.ಮೀ. ತೂತು ಕೊರೆದು ತಾತ್ಕಾಲಿಕವಾಗಿ ನಿಲ್ಲಿಸಬಹುದು. ಹೊಸ ಶೀಟು ಬರುವ ತನಕ ನಿಧಾನವಾಗಿ ಕಾರನ್ನು ಅಂಗಳದೊಳಗೆ ಆಡಿಸಲು ಅಷ್ಟು ಸಾಕು, ಓಟಕ್ಕಲ್ಲ. ಬಿರುಕಿಲ್ಲದೆ ಬರೀ ಒತ್ತಡದ ಪಟ್ಟೆ ಕಾಣುವ, ಬಿಸಿಯಲ್ಲಿ ರೂಪ ಕೊಟ್ಟ, ಕೋಟಿಂಗ್ ಇಲ್ಲದ ಶೀಟನ್ನು ಉಳಿಸಿಕೊಳ್ಳಬಹುದು. ಅಚ್ಚಿನ ಮೇಲೆ ಮತ್ತೆ ಕೂರಿಸಿ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟು, ಓವನ್ ಬಾಗಿಲು ತೆರೆಯದೆ ನಿಧಾನವಾಗಿ ತಣಿಸಿ. ಪೋಲರೈಸ್ಡ್ ಕನ್ನಡಕದಲ್ಲಿ ಮತ್ತೆ ನೋಡಿದರೆ ಪಟ್ಟೆಗಳು ಮಸುಕಾಗಿರುತ್ತವೆ.

ಬದಲಾಯಿಸುವುದಾದರೆ ಹಳೆಯ ಶೀಟನ್ನು ಹೊರ ಆಕಾರಕ್ಕೆ ಮಾತ್ರ ಮಾದರಿಯಾಗಿ ಬಳಸಿ. ಅದರ ತೂತುಗಳನ್ನು ಹೊಸದಕ್ಕೆ ನಕಲು ಮಾಡಬೇಡಿ. ಹೊಸ ಶೀಟನ್ನು ಫ್ರೇಮಿನ ಮೇಲೆ ಬಲ ಹಾಕದೆ ಕೂರಿಸಿ, ಟೇಪಿನಲ್ಲಿ ಹಿಡಿದು, ಅಲ್ಲಿಯೇ ತೂತಿನ ಜಾಗ ಗುರುತಿಸಿ. ಮಧ್ಯದ್ದನ್ನು ಮೊದಲು ಕೊರೆಯಿರಿ.